ಐದು ಬಿಡ್ರಿ ಚಾಚಾ

ಸರ್ವೇಯರ್ ಸಾಹೇಬರ ಗಾಡಿಯನ್ನು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಲಗೇಜ್ ಆಟೊದಲ್ಲಿ ಹೇರಿಕೊಂಡು ಬರುವಾಗ ನಾನು ದಾರಿಯುದ್ದಕ್ಕೂ ಹಿಂದೆ ನಿಂತು ಅದರ ಹ್ಯಾಂಡಲ್ ಹಿಡಿದುಕೊಂಡಿದ್ದೆ. ನಾಲ್ಕೂ ಕಡೆ ಹಗ್ಗ ಬಿಗಿದಿತ್ತು, ಬೀಳುವ ಮಾತೇ ಇರಲಿಲ್ಲ. ಆದರೂ ಹಿಡಿದಿದ್ದೆ. ಗ್ಯಾರೇಜಿನ ಶಟರ್ ಎಳೆದು ಮನೆ ಮುಟ್ಟಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ನೋಡಿ ಬರುವ ಜಾತಿ ನನ್ನದು. ನೋಡಿ ಬಂದ ಮೇಲೆ, ಬೀಗವನ್ನು ಬರೀ ನೋಡಿದೆನೋ, ಎಳೆದೂ ನೋಡಿದೆನೋ ಎಂಬ ಇನ್ನೊಂದು ಚಿಂತೆ. "ಅಲ್ಲೇ ಬೀಗದ ಕೆಳಗ ಹಾಸ್ಕೊಂಡು ಮಕ್ಕೊಂಡ್ಬಿಡ್ರಿ, ಓಡಾಟ ತಪ್ತೈತಿ" ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ.

ಗಾಡಿ ಜಪಾನಿನ ಮೋಟರ್ ಸೈಕಲ್ಲು, ಹಳೆಯ ಕಾಲದ್ದು. ಆರುನೂರು ಸಿಸಿ, ಆದರೆ ಸಿಲಿಂಡರ್ ಒಂದೇ. ಎತ್ತರದ ಸೀಟು, ಉದ್ದನೆಯ ಫೋರ್ಕು, ಹೊಟ್ಟೆ ಬಂದ ಟ್ಯಾಂಕು. ರಸ್ತೆ ಇಲ್ಲದಲ್ಲಿ ಹೋಗಲೆಂದೇ ಮಾಡಿದ ಗಾಡಿ. ಗಣಿ ಕಂಪನಿಯಲ್ಲಿದ್ದ ಪರದೇಶದ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಮರಳುವಾಗ ಅದನ್ನು ಸಾಹೇಬರಿಗೆ ಬಿಟ್ಟು ಹೋಗಿದ್ದ. ಸಾಹೇಬರು ಅದೇ ಕಂಪನಿಯ ಸರ್ವೇಯರ್. ಅಳತೆಯ ಸಾಮಾನು ಹಿಂದೆ ಕಟ್ಟಿಕೊಂಡು ಕೂಡ್ಲಿಗಿ ಕಡೆಯ ಕಲ್ಲುಗುಡ್ಡ, ಹರಪನಹಳ್ಳಿಯ ಮಟ್ಟಿ, ಹಡಗಲಿಯ ಹೊಳೆದಂಡೆ ಎಲ್ಲವನ್ನೂ ಅದರ ಮೇಲೆಯೇ ತುಳಿದವರು.

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಮೊದಲು ಸಂಜೆಯ ಮೇಲೆ ಕಾಣುತ್ತಿರಲಿಲ್ಲ, ಈಗ ಹಗಲೂ ಇಲ್ಲ. ಗಾಡಿ ಓಡಿಸುವುದು ಮುಗಿದೇ ಹೋಯಿತು. ಆದರೆ ಬೆಳಿಗ್ಗೆ ಗೋಡೆ ಹಿಡಿದು ಅಂಗಳಕ್ಕೆ ಬಂದು, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯನ್ನು ಸವರಿ, ತಾವೇ ಕಿಕ್ ಹೊಡೆದು ಸ್ಟಾರ್ಟ್ ಮಾಡುತ್ತಿದ್ದರು. ಚಹಾ ಆರುವಷ್ಟು ಹೊತ್ತು ಅದರ ಸದ್ದು ಕೇಳಿಸಿಕೊಂಡು ಬಂದ್ ಮಾಡುತ್ತಿದ್ದರು. ಇಡೀ ದಿನದಲ್ಲಿ ಯಾರ ಕೈಯೂ ಹಿಡಿಯದೆ ಅವರು ಮಾಡುತ್ತಿದ್ದ ಕೆಲಸ ಅದೊಂದೇ.

ಅದೇನು ಸಣ್ಣ ಕೆಲಸವಲ್ಲ. ಇಂಥ ದೊಡ್ಡ ಸಿಂಗಲ್ ಸಿಲಿಂಡರನ್ನು ಸುಮ್ಮನೆ ಒದ್ದರೆ ಅದು ತಿರುಗಿ ಒದೆಯುತ್ತದೆ. ಕಿಕ್ಕರನ್ನು ನಿಧಾನ ಒತ್ತುತ್ತ ಹೋಗಬೇಕು. ಒಳಗೆ ಗಾಳಿ ಗಟ್ಟಿಯಾಗಿ ಕಾಲಿಗೆ ತಡೆ ಸಿಗುತ್ತದೆ. ಅಲ್ಲಿ ಎಡಗೈಯ ಸಣ್ಣ ಲಿವರ್ ಎಳೆದು ಒಂದಿಷ್ಟು ಗಾಳಿ ಬಿಟ್ಟು, ಆ ತಡೆಯನ್ನು ಕೂದಲೆಳೆಯಷ್ಟು ದಾಟಿಸಿ, ಲಿವರ್ ಬಿಟ್ಟು, ಮೈಭಾರವನ್ನೆಲ್ಲ ಹಾಕಿ ಒದೆಯಬೇಕು. ನಾನು ಎಷ್ಟು ವರ್ಷದಿಂದ ಅದರ ರಿಪೇರಿ ಮಾಡುತ್ತಿದ್ದರೂ ಒದೆ ತಿಂದಿದ್ದೇನೆ. ಸಾಹೇಬರು ಒಂದು ಸಲವೂ ತಿಂದವರಲ್ಲ.

ಈಗ ಅದು ನೀಲಿ ಹೊಗೆ ಉಗುಳುತ್ತಿತ್ತು. ಆಟೊಕ್ಕೆ ಏರಿಸುವಾಗ ಸಾಹೇಬರ ಹೆಂಡತಿ ನನ್ನನ್ನು ಗೇಟಿನ ಮರೆಗೆ ಕರೆದರು. ನಾನು ಅವರಿಗೆ ಅಕ್ಕಾರ ಅನ್ನುತ್ತೇನೆ.

"ತಮ್ಮಾ, ಮುಂಜಾನಿ ಅವ್ರು ಹಾಸಿಗಿ ಬಿಟ್ಟು ಏಳಾದಾ ಇದಕ್ಕ. ಇದು ಹೋತಂದ್ರ ಏಳಂಗಿಲ್ಲ. ತಿಳೀತೇನು?"

"ತಿಳೀತ್ರಿ ಅಕ್ಕಾರ. ಏನೂ ಆಗಂಗಿಲ್ಲ" ಅಂದೆ. ಧೈರ್ಯ ಹೇಳುವುದರಲ್ಲಿ ನನ್ನಷ್ಟು ಕೆಟ್ಟ ಮನುಷ್ಯ ಬೇರೆ ಇಲ್ಲ. ಅವರಿಗೂ ಅದು ಗೊತ್ತಾಗಿರಬೇಕು.

ಎಂಜಿನ್ ಬಿಚ್ಚಲು ಕೂತೆ. ಇದರ ಆಯಿಲ್ ಬೇರೆ ಗಾಡಿಗಳಂತೆ ಎಂಜಿನ್ನಿನ ತಳದಲ್ಲಿ ನಿಲ್ಲುವುದಿಲ್ಲ, ಫ್ರೇಮಿನ ಪೈಪಿನೊಳಗೆ ಇರುತ್ತದೆ. ಹಾಗಾಗಿ ಎರಡು ಕಡೆ ಬೋಲ್ಟು ಬಿಚ್ಚಿ ಇಳಿಸಬೇಕು. ಟ್ಯಾಂಕು, ಕಾರ್ಬೊರೇಟರ್, ಸೈಲೆನ್ಸರ್ ತೆಗೆದೆ. ಸಿಲಿಂಡರಿನ ಮುಚ್ಚಳದ, ಅಂದರೆ ಹೆಡ್ಡಿನ, ಹಿಂದಿನ ನಟ್ಟು ತುಕ್ಕು ಹಿಡಿದು ಅಲುಗಲಿಲ್ಲ; ಗ್ಯಾಸಿನಿಂದ ಕಾಯಿಸಿ, ಎಣ್ಣೆ ಬಿಟ್ಟು, ಮರುದಿನದವರೆಗೆ ಅದರ ಮುಖ ನೋಡುತ್ತ ಕಾದೆ. ಹೆಡ್ ಎತ್ತಿದಾಗ ಸಿಲಿಂಡರಿನ ಒಳಗೋಡೆಯಲ್ಲಿ ಮೇಲಿನಿಂದ ಕೆಳಗೆ ಗೀರುಗಳು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಕಾರಣ ಹುಡುಕಿದರೆ ಗಾಳಿ ಫಿಲ್ಟರಿನ ಸ್ಪಂಜು. ಹಳತಾಗಿ, ಹಳೇ ದಿಂಬಿನ ಹಾಗೆ ಪುಡಿಪುಡಿಯಾಗಿ, ಧೂಳಿನ ಸಮೇತ ಎಂಜಿನ್ನಿನ ಹೊಟ್ಟೆಗೆ ಹೋಗಿತ್ತು. ಅಂಗಳ ಬಿಟ್ಟು ಕದಲದ ಗಾಡಿ ಧೂಳು ಕುಡಿದು ಕೆಟ್ಟಿತ್ತು.

ಗೀರು ಬಿದ್ದ ಸಿಲಿಂಡರನ್ನು ಒಂದಿಷ್ಟು ಕೊರೆಸಿ ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ನಮ್ಮ ಪದ್ಧತಿ. ಅದನ್ನು ಬೋರ್ ಮಾಡಿಸುವುದು ಅನ್ನುತ್ತೇವೆ. ಆದರೆ ಪ್ರತಿ ಸಿಲಿಂಡರಿಗೂ ಇಷ್ಟೇ ಸಲ ಎಂದು ಲೆಕ್ಕವಿದೆ. ಈ ಗಾಡಿಯದು ಆಗಲೇ ಮೂರು ಸಲ ಆಗಿತ್ತು. ಉಳಿದದ್ದು ಒಂದೇ ಬೋರ್. ಅದಾದ ಮೇಲೆ ಗೋಡೆ ತೆಳುವಾಗುತ್ತದೆ, ಅದಕ್ಕಿಂತ ದೊಡ್ಡ ಪಿಸ್ಟನ್ನೂ ಇಲ್ಲ. ಆ ಕೊನೆಯ ಸೈಜಿನ ಪಿಸ್ಟನ್ನನ್ನು ಸಾಹೇಬರು ಕಣ್ಣಿದ್ದಾಗಲೇ ತರಿಸಿ ಇಟ್ಟಿದ್ದರು. ಅಕ್ಕಾರು ಅದನ್ನು ಕಳಿಸಿಕೊಡುವಾಗ ಫೋನಿನಲ್ಲಿ ಬೈದರು: "ನನ್ನ ರೇಷ್ಮಿ ಸೀರಿ ನಡುವ ಇಟ್ಟಿದ್ರಪ ಇದನ್ನ. ಸೀರಿಗೆಲ್ಲ ಎಣ್ಣಿ ಕುಡ್ಸ್ಯಾರ."

ನಮ್ಮಲ್ಲಿ ಬೋರ್ ಎಂದರೆ ಸ್ಟೇಷನ್ ರೋಡಿನ ಲೇತ್ ಚಾಚಾ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಮೋಟರ್ ಸೈಕಲ್ಲು, ಎಲ್ಲ ಅವರ ಹತ್ತಿರವೇ. ಕೆಲಸದಲ್ಲಿ ಗಟ್ಟಿ, ಬಾಯಿಯಲ್ಲಿ ಇನ್ನೂ ಗಟ್ಟಿ. ದಾವಣಗೆರೆಯ ಕಂಪ್ಯೂಟರ್ ಮಿಷನ್ನುಗಳನ್ನು "ಟೀವಿ" ಎಂದು ಕರೆಯುವವರು. ಚಾಚಾಗೆ ಪಿಸ್ಟನ್ನು, ಸಿಲಿಂಡರು ಎರಡನ್ನೂ ಕೊಟ್ಟು ಬಂದರೆ ಸಾಕು. ಅವರು ಸ್ವಲ್ಪ ಸ್ವಲ್ಪವೇ ಕೊರೆಯುತ್ತ, ಎಣ್ಣೆ ಸವರಿದ ಪಿಸ್ಟನ್ನನ್ನು ತಲೆಕೆಳಗು ಮಾಡಿ ಒಳಗೆ ಬಿಟ್ಟು ನೋಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ ನಿಧಾನ ಇಳಿಯಬೇಕು, ನಿಲ್ಲಬಾರದು, ಬೀಳಬಾರದು. "ಹೊಸ ಸೊಸಿ ಮೆಟ್ಲ ಇಳದಂಗ ಇಳೀಬೇಕೋ ಮಿಸ್ತ್ರಿ" ಅನ್ನುತ್ತಾರೆ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಅಳತೆಯ ಮಾತು ಬಂದದ್ದೇ ಇಲ್ಲ. ಸೊಸೆ ಇಳಿದರೆ ಕೆಲಸ ಮುಗಿಯಿತು.

ಈ ಸಲ ನಾನು ಬಾಯಿ ಬಿಟ್ಟೆ.

ಕೊನೆಯ ಬೋರ್ ಎಂಬ ಚಿಂತೆ ತಲೆಯಲ್ಲಿ ಕೂತಿತ್ತು. ಗಾಡಿಯ ರಿಪೇರಿ ಪುಸ್ತಕವನ್ನು ಫೋನಿನಲ್ಲಿ ತೆಗೆದು ಹತ್ತಾರು ಸಲ ಓದಿದ್ದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಐದು ಪಾಯಿಂಟ್ ಜಾಗ ಇರಬೇಕು ಎಂದಿತ್ತು. ಪಾಯಿಂಟ್ ಅಂದರೆ ನಾವು ಮೋಟರ್ ಸೈಕಲ್ಲಿನವರು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕೆ ಹೇಳುವ ಮಾತು. ಐದು ಪಾಯಿಂಟ್ ಒಂದು ಕೂದಲಿಗಿಂತ ತೆಳು.

"ಚಾಚಾ, ಐದು ಬಿಡ್ರಿ" ಅಂದೆ. "ಐದಕ್ಕ ಕಮ್ಮಿ ಆಗಬಾರ್ದು ಮತ್ತ."

ಚಾಚಾ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. ಹಿಂದೆ ಲೇತು ಓಡುತ್ತಿತ್ತು.

"ಐದಾ? ಜಾಸ್ತಿ ಆಗಂಗಿಲ್ಲೇನು?"

"ದೊಡ್ಡ ಪಿಸ್ಟನ್ ಚಾಚಾ, ಗಾಳಿಗೆ ತಣ್ಣಗಾಗೋ ಎಂಜಿನ್ನು. ಬಿಸಿ ಆದ್ರ ಹಿಡ್ಕೊಂತೈತಿ. ಬುಕ್ಕಿನ್ಯಾಗ ಐದು ಅಂತ ಐತಿ."

"ಬುಕ್ಕಾ?"

"ಹೂಂ, ಬುಕ್ಕು. ಕಂಪನಿದು."

"ಅಚ್ಛಾ" ಅಂದರು ಚಾಚಾ. "ಈಗ ನನಗ ಬುಕ್ ಓದಿ ಹೇಳಾವ ಆಗೀ ಅನ್ನು. ಆತು. ಐದಂದ್ರ ಐದು."

ಅವರ ದನಿ ಬದಲಾದದ್ದು ನನಗೆ ಕೇಳಿಸಿತ್ತು. ಹಗಲೆಲ್ಲ ಚಿಂತೆ ಮಾಡುವವನಿಗೆ ಚಿಂತೆ ಮಾಡಬೇಕಾದಲ್ಲಿ ಮಾತ್ರ ಅದು ಬರಲಿಲ್ಲ. ಅಳತೆ ಹೇಳಿ ಬಂದೆನೆಂದು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಕೆಲಸ ಮುಗಿದ ಸಿಲಿಂಡರು ಬಂತು. ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಪಿಸ್ಟನ್ನಿಗೆ ಎಣ್ಣೆ ಸವರಿ ತಲೆಕೆಳಗು ಮಾಡಿ ಬಿಟ್ಟೆ. ಟಪ್ ಎಂದು ಕೆಳಗಿನ ಬಟ್ಟೆಯ ಮೇಲೆ ಬಿತ್ತು.

ಇನ್ನೊಮ್ಮೆ ಬಿಟ್ಟೆ. ಇನ್ನೊಮ್ಮೆ ಬಿತ್ತು. ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆಗಳನ್ನು ಒಂದೊಂದಾಗಿ ತೂರಿಸಿದೆ. ಐದು ಸಲೀಸಾಗಿ ಹೋಯಿತು, ಎಂಟು ಹೋಯಿತು, ಹತ್ತೂ ಹೋಯಿತು. ಹನ್ನೆರಡನ್ನೂ ದಾಟಿ ನಿಂತಿತು. ಇಷ್ಟು ಸಡಿಲ ಬಿಟ್ಟು ಜೋಡಿಸಿದರೆ ಪಿಸ್ಟನ್ನು ಗೋಡೆಗೆ ಬಡಿದು ಬಡಿದು ಒಂದು ದಿನ ಒಡೆದು ಚೂರಾಗುತ್ತದೆ.

ಸಿಲಿಂಡರನ್ನು ಕೂಸಿನ ಹಾಗೆ ಅಪ್ಪಿಕೊಂಡು ಚಾಚಾನ ಹತ್ತಿರ ಓಡಿದೆ.

"ಏನ್ ಮಾಡೀರಿ ಚಾಚಾ ಇದು?"

"ನೀ ಏನ್ ಹೇಳಿದಿ ಅದನ್ನ ಮಾಡೀನಿ. ಐದು ಬಿಡ್ರಿ ಅಂದಿ, ಐದು ಬಿಟ್ಟೆ."

"ಐದು ಪಾಯಿಂಟ್ ಚಾಚಾ!"

"ಪಾಯಿಂಟಾ? ಪಾಯಿಂಟ್ ಅಂದಿದ್ದ್ಯಾ? ಬಾ ಇಲ್ಲಿ, ನನ್ನ ಮಿಷನ್ ಮ್ಯಾಲ ಪಾಯಿಂಟ್ ಎಲ್ಲಿ ಬರದೈತಿ ತೋರ್ಸು."

ಅಲ್ಲಿ ಇರಲಿಲ್ಲ. ಚಾಚಾನ ಮಿಷನ್ನು ಇಂಚಿನ ಕಾಲದ್ದು. ಅದರ ಚಕ್ರದ ಮೇಲಿನ ಗೆರೆಗಳು ಇಂಚಿನ ಸಾವಿರದಲ್ಲಿ ಒಂದು ಭಾಗ, ಥೌ. ಅವರ ಐದು ನನ್ನ ಐದರ ಎರಡೂವರೆ ಪಟ್ಟು. ಒಂದೇ ಊರು, ಒಂದೇ ಕೆಲಸ, ಒಂದೇ ಭಾಷೆ, ಐದು ಮಾತ್ರ ಬೇರೆ ಬೇರೆ.

"ನಿಮಗ ಡೌಟ್ ಬಂದಿತ್ತಲ್ಲ, ಕೇಳಬೇಕಿತ್ತು" ಅಂದೆ.

"ಕೇಳ್ಲಿಲ್ಲೇನು? ಜಾಸ್ತಿ ಆಗಂಗಿಲ್ಲೇನು ಅಂತ ಕೇಳಿದೆ. ಬುಕ್ಕು ಬುಕ್ಕು ಅಂತ ಕುಣಿದಿ."

"ಪಿಸ್ಟನ್ ಬಿಟ್ಟರ ನೋಡಬೇಕಿತ್ತಲ್ಲ ಚಾಚಾ. ಯಾವಾಗ್ಲೂ ನೋಡ್ತೀರಿ."

ಚಾಚಾ ಹತ್ತಿಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

"ನೋಡ್ದೆ" ಅಂದರು. "ಬಿತ್ತು. ಬುಕ್ಕಿನಾವ ಹೇಳ್ಯಾನ, ಬಿದ್ರ ಬೀಳ್ಲಿ ಅಂದೆ."

ಅಲ್ಲಿಗೆ ಇಬ್ಬರಿಗೂ ಜಗಳ ಆಡಲು ಏನೂ ಉಳಿಯಲಿಲ್ಲ. ನನ್ನ ಚಿಂತೆ ಅರ್ಧ ಕೊರೆದಿತ್ತು, ಅವರ ಸಿಟ್ಟು ಉಳಿದರ್ಧ. ನಡುವೆ ಹೋದದ್ದು, ಇಬ್ಬರಿಗೂ ಏನೂ ಮಾಡದ ಒಬ್ಬ ಕಣ್ಣಿಲ್ಲದ ಮನುಷ್ಯನ ಬೆಳಗು.

ಬೇರೆ ಸಿಲಿಂಡರ್ ಹುಡುಕಿದೆ. ಪರದೇಶದ ಒಬ್ಬನ ಹತ್ತಿರ ಇತ್ತು, ಇಂಡಿಯಾಕ್ಕೆ ಕಳಿಸುವುದಿಲ್ಲ ಎಂದ. ಪುಣೆಯ ಒಬ್ಬ ಹಳೇ ಗಾಡಿಗಳ ವ್ಯಾಪಾರಿ "ಅಗಲೇ ಸಾಲ್ ದೇಖೇಂಗೆ" ಎಂದ. ಬರುವ ವರ್ಷ ನೋಡೋಣ ಅಂದರೆ ಏನೆಂದು ಗ್ಯಾರೇಜು ಇಟ್ಟವನಿಗೆ ಗೊತ್ತು. ಗಿರಾಕಿಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಅಕ್ಕಾರಿಗೆ ಫೋನಿನಲ್ಲಿ ಎಲ್ಲ ತಿಳಿಸಿದೆ.

"ಈಗ ಮುಂಜಾನಿ ಏಳಾದು ಬಿಟ್ಟಾರಪ. ಗಾಡಿ ಬಂತೇನು ಅಂತ ಹಾಸಿಗ್ಯಾಗಿಂದನಾ ಕೇಳ್ತಾರ. ಬರೋ ವರ್ಷ ಅಂತ ಅವ್ರ ಮುಂದ ಅನಬ್ಯಾಡ. ಏನರ ಮಾಡು. ಏನ್ ಮಾಡಿದಿ ಅಂತನೂ ಅವ್ರಿಗೆ ಹೇಳಬ್ಯಾಡ."

ದಾರಿ ಒಂದು ಉಳಿದಿತ್ತು. ಹಳೆಯ ಒಳಗೋಡೆಯನ್ನು ಪೂರ್ತಿ ಕೆತ್ತಿ ತೆಗೆದು, ಬೇರೆ ಕಬ್ಬಿಣದ ಕೊಳವೆಯನ್ನು, ಅಂದರೆ ಲೈನರನ್ನು, ಒಳಗೆ ಕೂಡಿಸುವುದು. ಅದರಲ್ಲಿ ನಮ್ಮ ದೇಶದ ಐನೂರು ಸಿಸಿ ಗಾಡಿಯ ಪಿಸ್ಟನ್ ಓಡುವಂತೆ ಮಾಡುವುದು. ಆ ಪಿಸ್ಟನ್ ದಾವಣಗೆರೆಯಲ್ಲಿ ಸಿಗುತ್ತದೆ. ಗಾಡಿ ಓಡುತ್ತದೆ. ಆರುನೂರು ಹೋಗಿ ಐನೂರಾಗುತ್ತದೆ, ಅಷ್ಟೇ. ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಂತಲ್ಲೇ ನಿಂತಿರುವ ಗಾಡಿಗೆ ಆರುನೂರಾದರೇನು, ಐನೂರಾದರೇನು? ಹಳೆಯದನ್ನು ಕೆತ್ತಿದ ಮೇಲೆ ಹಿಂದೆ ಬರುವಂತಿಲ್ಲ ಎಂದೂ ಗೊತ್ತಿತ್ತು. ಲೇತಿನ ಮುಂದೆ ನಿಂತು, "ಕೆತ್ರಿ ಚಾಚಾ" ಅಂದೆ.

"ಎಷ್ಟು?" ಎಂದು ಕೇಳಿದರು. ನಗಲಿಲ್ಲ.

"ನಿಮ್ಮ ಕೈಗೆ ತಿಳದಷ್ಟು" ಅಂದೆ.

ಪಂಪ್‌ಸೆಟ್ಟಿನ ಲೈನರೊಂದನ್ನು ಹೊರಗಿನಿಂದ ತೀಡಿ ಸೈಜಿಗೆ ತಂದರು. ಅದನ್ನು ಕೂಡಿಸಲು ಸಿಲಿಂಡರ್ ಬಿಸಿಯಾಗಿ ಹಿಗ್ಗಬೇಕು, ಲೈನರ್ ತಣ್ಣಗಾಗಿ ಕುಗ್ಗಬೇಕು. ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯವನ ಕಾಲು ಹಿಡಿದೆವು. ಸಿಲಿಂಡರು ಬನ್ನಿನ ಒಲೆಯೊಳಗೆ, ಲೈನರು ಐಸ್‌ಕ್ರೀಮಿನ ಪೆಟ್ಟಿಗೆಯೊಳಗೆ.

"ಎಷ್ಟೊತ್ತು ಬೇಯಿಸ್ಬೇಕ್ರಿ ಮಿಸ್ತ್ರಿ?" ಅಂದ ಬೇಕರಿಯವನು. "ಮ್ಯಾಲ ಟೂಟಿ ಫ್ರೂಟಿ ಹಾಕ್ಲ್ಯಾ?"

ಬೇರೆ ದಿನವಾಗಿದ್ದರೆ ಚಾಚಾ ಅವನಿಗೆ ಸರಿಯಾಗಿ ಕೊಡುತ್ತಿದ್ದರು. ಅವತ್ತು ಒಲೆಯ ಬಾಗಿಲು ಮುಚ್ಚಿದರು, ಅಷ್ಟೇ.

ಮೊದಲ ಸಲ ಲೈನರು ಅರ್ಧಕ್ಕೆ ಇಳಿದು ಕಚ್ಚಿಕೊಂಡಿತು. ನಾನು ಗಾಬರಿಯಲ್ಲಿ ಕಟ್ಟಿಗೆಯ ಸುತ್ತಿಗೆಯಿಂದ ತಟ್ಟಿದೆ, ಅದು ಓರೆಯಾಯಿತು. ಪ್ರೆಸ್ಸಿನಲ್ಲಿ ಹಾಕಿ ಹೊರಗೆ ತೆಗೆಯುವಾಗ ಗೀರು ಬಿದ್ದು ಆ ಲೈನರು ಗುಜರಿಗೆ ಹೋಯಿತು. ಎರಡನೆಯದನ್ನು ತೀಡಿ ತಂದರು. ಈ ಸಲ ಚಾಚಾ ನನ್ನನ್ನು ಬೇಕರಿಯ ಹೊರಗೆ ನಿಲ್ಲಿಸಿದರು. "ನೀ ಅಲ್ಲೇ ನಿಂತು ಚಿಂತಿ ಮಾಡು, ಒಳಗ ಬರಬ್ಯಾಡ." ಲೈನರು ಒಂದೇ ಸಲಕ್ಕೆ ತಳ ಮುಟ್ಟಿದ ಸದ್ದು ಗಾಜಿನ ಆಚೆಗೂ ಕೇಳಿಸಿತು.

ಹೊಸ ಪಿಸ್ಟನ್ನಿನ ಪಿನ್ನು ಹಳೆಯ ರಾಡಿಗೆ ಸಡಿಲ. ಚಾಚಾ ಲೇತಿನಲ್ಲಿ ಬುಷ್ ಎಂಬ ಸಣ್ಣ ಬಳೆ ಕಡೆದು ಆ ಸಂದಿಗೆ ಹಾಕಿದರು. ವಾಲ್ವು ಇಳಿದಾಗ ಪಿಸ್ಟನ್ನಿನ ತಲೆಗೆ ತಾಗುತ್ತದೋ ಎಂದು ನೋಡಲು ಬೇಕರಿಯ ಮೈದಾ ಹಿಟ್ಟನ್ನೇ ಪಿಸ್ಟನ್ನಿನ ಮೇಲೆ ಮೆತ್ತಿ, ಹೆಡ್ ಕೂಡಿಸಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದೆ. ಹಿಟ್ಟಿನ ಮೇಲೆ ನಾಲ್ಕು ವಾಲ್ವುಗಳ ಗುರುತು ಮೂಡಿತ್ತು, ತಳದಲ್ಲಿ ಬೇಕಾದಷ್ಟು ಹಿಟ್ಟು ಉಳಿದಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಉಳಿದಿತ್ತು. ಅಂದರೆ ಗಾಳಿ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ಪಿಸ್ಟನ್ನನ್ನು ಇನ್ನಷ್ಟು ಮೇಲೆ ತರಲು ಉಪಾಯವಿರಲಿಲ್ಲ. ಬಿಗಿದು ಮುಗಿಸಿದೆ.

ಫ್ರೇಮಿಗೆ ಆಯಿಲ್ ತುಂಬಿ, ಪೈಪು ಸಡಿಲಿಸಿ ಪಂಪಿನವರೆಗೆ ಆಯಿಲ್ ಬಂತೆಂದು ಖಾತ್ರಿ ಮಾಡಿಕೊಂಡು, ಕಿಕ್ ಹೊಡೆದೆ. ಎರಡನೆಯದಕ್ಕೇ ಸ್ಟಾರ್ಟ್ ಆಯಿತು. ಹೊಗೆ ಇಲ್ಲ, ಬಡಿತ ಇಲ್ಲ, ಎಲ್ಲೂ ಸೋರಿಕೆ ಇಲ್ಲ. ಚಾಚಾ ಬಂದು ತಲೆ ಓರೆ ಮಾಡಿ ಕೇಳಿದರು. "ಚಲೋ ಐತಿ" ಎಂದು ಗಾಡಿಗೆ ಹೇಳಿದರು, ನನಗಲ್ಲ. ಸೈಕಲ್ ಹತ್ತಿ ಹೋದರು. ನಾನು ಈಗಲೂ ಬೋರ್ ಕೆಲಸ ಅವರಿಗೇ ಕೊಡುತ್ತೇನೆ, ಅವರೂ ಮಾಡಿಕೊಡುತ್ತಾರೆ. ಸೊಸೆಯ ಮಾತು ಮಾತ್ರ ಆಮೇಲೆ ಅವರ ಬಾಯಲ್ಲಿ ಬಂದಿಲ್ಲ.

ಕೊಟ್ಟೂರಿಗೆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋದೆ. ಹೊಸ ಪಿಸ್ಟನ್ನು, ಹಾಗಾಗಿ ನಿಧಾನ. ನಡುವೆ ಎರಡು ಸಲ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ಬಣ್ಣ ಇರಬೇಕಾದ ಹಾಗೆಯೇ ಇತ್ತು. ಎರಡೂ ಕಡೆ ಸೂರ್ಯಕಾಂತಿ, ಬೆಳಗಿನ ಗಾಳಿ. ಸ್ವಲ್ಪ ದೂರ ನನಗೆ ಚಿಂತಿಸಲು ಏನೂ ಹೊಳೆಯಲಿಲ್ಲ. ಅದೇ ವಿಚಿತ್ರ ಎನಿಸಿತು.

ಸಾಹೇಬರು ಸದ್ದು ಕೇಳಿ ಎದ್ದಿದ್ದರು. ನಾನು ಗಾಡಿ ಬಂದ್ ಮಾಡಿ ಅಂಗಳದ ಮಾಮೂಲಿ ಜಾಗದಲ್ಲಿ ಸ್ಟ್ಯಾಂಡ್ ಹಾಕುವ ಹೊತ್ತಿಗೆ ಗೋಡೆ ಹಿಡಿದು ಬಾಗಿಲಿಗೆ ಬಂದರು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದರು. ಅಕ್ಕಾರು ಕೈ ಕೊಡಲು ಹೋದರೆ, "ಬ್ಯಾಡ, ಸರಿ" ಅಂದರು.

ಟ್ಯಾಂಕು ಸವರಿದರು, ಸೀಟು ಸವರಿದರು. ಕಿಕ್ಕರನ್ನು ಬಿಡಿಸಿ ಕಾಲಿಟ್ಟರು. ನಿಧಾನ ಒತ್ತಿದರು. ತಡೆ ಸಿಗುವ ಜಾಗಕ್ಕೆ ಕಾಯುತ್ತಿದ್ದರು. ಕಾಲು ಅದನ್ನು ದಾಟಿಕೊಂಡು ಕೆಳಗೆ ಹೋಯಿತು. ಮತ್ತೆ ಒತ್ತಿದರು. ಮತ್ತೆ ಹೋಯಿತು. ಹುಬ್ಬು ಗಂಟಾಯಿತು. ಮೂರನೆಯ ಸಲ ಹಳೆಯ ಲೆಕ್ಕದಲ್ಲೇ ಮೈಭಾರವನ್ನೆಲ್ಲ ಹಾಕಿ ಒದ್ದರು. ಅಷ್ಟು ಭಾರ ತಾಳಿಕೊಳ್ಳಲು ಒಳಗೆ ಏನೂ ಇರಲಿಲ್ಲ. ಕಾಲು ಸರ್ರನೆ ತಳಕ್ಕಿಳಿದು ಅವರು ಮುಂದಕ್ಕೆ ಮುಗ್ಗರಿಸಿದರು. ನಾನು ರಟ್ಟೆ ಹಿಡಿದೆ. ಅಷ್ಟಕ್ಕೇ ಗಾಡಿ ಸ್ಟಾರ್ಟ್ ಆಗಿತ್ತು.

ನನ್ನ ಕೈ ಬಿಡಿಸಿಕೊಂಡು ನಿಂತು ಕೇಳಿದರು. ಅಕ್ಕಾರು ಅವರ ಮುಖವನ್ನೇ ನೋಡುತ್ತಿದ್ದರು. ಗಾಡಿ ಒಂದು ತಪ್ಪೂ ಇಲ್ಲದೆ ಓಡುತ್ತಿತ್ತು, ತೆಳ್ಳಗೆ, ಸಲೀಸಾಗಿ, ಊರಿನಲ್ಲಿ ಹತ್ತಾರು ಗಾಡಿ ಓಡುವ ಹಾಗೆ. ಸಾಹೇಬರು ಕೈಚಾಚಿ ಕೀಲಿ ಹುಡುಕಿ ಬಂದ್ ಮಾಡಿದರು. ಅಕ್ಕಾರು ತಂದಿಟ್ಟ ಚಹಾ ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು.

"ಯಾರ ಗಾಡೀನೋ ಮಿಸ್ತ್ರಿ ಇದು?"

ನಾನು ಅಕ್ಕಾರ ಕಡೆ ನೋಡಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು.

"ನಂದು ಯಾವಾಗ ತರ್ತಿ?"

"ಕೆಲ್ಸ ನಡದೈತ್ರಿ ಸಾಹೇಬ್ರ" ಅಂದೆ.

ಅವರು ತಲೆಯಾಡಿಸಿ ಗೋಡೆಯ ಕಡೆಗೆ ಕೈ ಚಾಚಿದರು. ಗೋಡೆ ಆ ದಿಕ್ಕಿನಲ್ಲಿ ಇರಲಿಲ್ಲ. ಅಕ್ಕಾರು ಕೈ ಹಿಡಿದರು. ಈ ಸಲ ಬೇಡ ಅನ್ನಲಿಲ್ಲ. ಹೊಸ್ತಿಲ ಹತ್ತಿರ ನಿಂತು ತಿರುಗಿ ಹೇಳಿದರು:

"ಹೋಗೋಮುಂದ ಇದನ್ನ ತಗೊಂಡು ಹೋಗು. ಯಾರೋ ಪಾಪ, ಕಾಯ್ಕೊಂತ ಕುಂತಿರ್ತಾರ."